ಭರಣಿಯ ಅಳತೆಗೆ ಬೆಳೆದ ಮಿಡಿಸೌತೆ

ಎರಡು ಲೀಟರಿನ ಭರಣಿ ತುಂಬಬೇಕಾದರೆ ಬೆರಳುದ್ದದ ಮಿಡಿಸೌತೆ ಹೆಚ್ಚುಕಡಿಮೆ ಒಂದು ಕಿಲೋ ಬೇಕು. ಅಂದರೆ ಸುಮಾರು 40 ಕಾಯಿ. ಅದೂ ಒಂದೇ ದಿನ ಕಿತ್ತದ್ದು, ಹೆಚ್ಚೆಂದರೆ ಎರಡು ದಿನದೊಳಗೆ ಕಿತ್ತದ್ದು. ಹಿತ್ತಲಲ್ಲಿ ಉಪ್ಪಿನಕಾಯಿಗೆಂದೇ ಸೌತೆ ಹಾಕೋಣ ಅನ್ನಿಸಿದಾಗ ನಾನು ಮೊದಲು ಕೂತು ಹಾಕಿದ್ದು ಈ ಲೆಕ್ಕ. ಹಸಿಯಾಗಿ ತಿನ್ನುವುದಕ್ಕಾದರೆ ಎರಡು ಬಳ್ಳಿ ಸಾಕು. ಇವತ್ತು ಒಂದು, ನಾಳೆ ಎರಡು ಸಿಕ್ಕರೂ ನಡೆಯುತ್ತದೆ. ಭರಣಿಗೆ ಹಾಗೆ ಕಂತಿನಲ್ಲಿ ಕೊಡಲು ಆಗುವುದಿಲ್ಲ. ನಲವತ್ತನೆಯ ಕಾಯಿ ಸಿಗುವಷ್ಟರಲ್ಲಿ ಮೊದಲನೆಯದು ಬಾಡಿ ಮೆತ್ತಗಾಗಿರುತ್ತದೆ. ಒಂದು ಬಳ್ಳಿ ದಿನಕ್ಕೆ ಎರಡು ಕಾಯಿ ಕೊಟ್ಟರೂ ಹತ್ತು ಬಳ್ಳಿ ಬೇಕಲ್ವಾ? ಹನ್ನೆರಡು ಹಾಕುವುದು ಎಂದು ತೀರ್ಮಾನಿಸಿದೆ. ಎಲ್ಲವೂ ಒಂದೇ ದಿನ ಬಿತ್ತಿದ್ದು, ಒಟ್ಟಿಗೆ ಫಸಲಿಗೆ ಬರಲಿ ಎಂದು.

ಹೈಬ್ರಿಡ್ ಬೀಜ ತಂದಿದ್ದರೆ ಇಷ್ಟೆಲ್ಲ ತಲೆಕೆಡಿಸಿಕೊಳ್ಳಬೇಕಾಗಿರಲಿಲ್ಲ. ಉಪ್ಪಿನಕಾಯಿಗೆ ಬೆಳೆಯುವ ಹೈಬ್ರಿಡ್‌ಗಳಲ್ಲಿ ಬಹಳಷ್ಟು ಹೆಚ್ಚುಕಡಿಮೆ ಬರೀ ಹೆಣ್ಣು ಹೂವನ್ನೇ ಬಿಡುತ್ತವೆ. ಕೆಲವಕ್ಕೆ ಜೇನುನೊಣದ ಹಂಗೂ ಇಲ್ಲ. ಆದರೆ ಆ ಕಾಯಿಯ ಬೀಜ ತೆಗೆದು ಹಾಕಿದರೆ ಮುಂದಿನ ಸಲ ಏನು ಬರುತ್ತದೋ ಹೇಳುವ ಹಾಗಿಲ್ಲ. ನನಗೆ ಬೀಜ ಕೈಯಲ್ಲೇ ಉಳಿಯಬೇಕಿತ್ತು. ಹಾಗಾಗಿ ಹಳೆಯ ತಳಿಗಳ ಕಡೆ ತಿರುಗಿದೆ. ಫ್ರೆಂಚರ ಸಣ್ಣ ಕೊರ್ನಿಶೋನ್ ಉಪ್ಪಿನಕಾಯಿಗೆ ಬಳಸುವ ಪ್ಯಾರಿಸಿಯನ್ ಪಿಕ್ಲಿಂಗ್ ಇದೆ. ಅಮೆರಿಕದಲ್ಲಿ 1920ರ ದಶಕದಲ್ಲಿ ಉಪ್ಪಿನಕಾಯಿ ಉದ್ಯಮಕ್ಕೆಂದೇ ಬೆಳೆಸಿದ ನ್ಯಾಷನಲ್ ಪಿಕ್ಲಿಂಗ್ ಇದೆ. 19ನೇ ಶತಮಾನದಿಂದಲೂ ಬೆಳೆಯುತ್ತ ಬಂದಿರುವ ಬಾಸ್ಟನ್ ಪಿಕ್ಲಿಂಗ್ ಇದೆ. ನಾನು ಆರಿಸಿಕೊಂಡಿದ್ದು ಬಾಸ್ಟನ್ ಪಿಕ್ಲಿಂಗ್. ಕುಳ್ಳಗೆ, ಎರಡೂ ತುದಿ ಮೊಂಡಾಗಿ, ಮೈತುಂಬ ಕಪ್ಪು ಮುಳ್ಳು.

ಯಾವ ಸೌತೆಯಾದರೂ ಉಪ್ಪಿಗೆ ಹಾಕಬಹುದಲ್ಲ ಎಂದು ಕೇಳುವವರಿದ್ದಾರೆ. ಹಾಕಬಹುದು, ಆದರೆ ಕರುಂ ಅನ್ನುವುದಿಲ್ಲ. ಹಸಿಯಾಗಿ ತಿನ್ನುವ ಉದ್ದ ಸೌತೆಯ ಸಿಪ್ಪೆ ದಪ್ಪ, ಒಳಗೆ ನೀರು ಮತ್ತು ಬೀಜದ ಲೋಳೆ ಜಾಸ್ತಿ. ಉಪ್ಪಿನಕಾಯಿ ತಳಿಗಳ ಸಿಪ್ಪೆ ತೆಳು, ತಿರುಳು ಗಟ್ಟಿ, ಬೀಜದ ಜಾಗ ಚಿಕ್ಕದು. ಉಪ್ಪುನೀರು ಒಳಗಿಳಿಯುವುದಕ್ಕೂ ಕಾಯಿ ಗಟ್ಟಿಯಾಗಿ ಉಳಿಯುವುದಕ್ಕೂ ಇವೇ ಕಾರಣ.

ಬಿತ್ತುವುದರಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಮಣ್ಣು ಬೆಚ್ಚಗಿರಬೇಕು. 25ರಿಂದ 30 ಡಿಗ್ರಿ ಇದ್ದರೆ ಮೂರು ನಾಲ್ಕು ದಿನದಲ್ಲಿ ಮೊಳಕೆ ಬರುತ್ತದೆ. 15 ಡಿಗ್ರಿಗಿಂತ ಕೆಳಗಿದ್ದರೆ ಬೀಜ ಸುಮ್ನೆ ಮಣ್ಣಲ್ಲಿ ಕೂತು ಕೊಳೆಯುತ್ತದೆ. ಸೌತೆಯ ಬೇರಿಗೆ ಅಲುಗಾಟ ಹಿಡಿಸುವುದಿಲ್ಲ. ಅದಕ್ಕೇ ಕುಂಡದಲ್ಲಿ ಸಸಿ ಮಾಡಿ ಕಿತ್ತು ನೆಡುವ ಗೋಜಿಗೆ ಹೋಗಲಿಲ್ಲ. ಪಾತಿಗೆ ಚೆನ್ನಾಗಿ ಕಳಿತ ಗೊಬ್ಬರ ಬೆರೆಸಿ, ಒಂದಡಿಗೆ ಒಂದರಂತೆ, ಎರಡು ಸೆಂಟಿಮೀಟರಿಗಿಂತ ಆಳ ಹೋಗದ ಹಾಗೆ ನೇರ ಬಿತ್ತಿದೆ. ಪ್ರತಿ ಗುಳಿಗೆ ಎರಡು ಬೀಜ. ಎರಡೂ ಬಂದಲ್ಲಿ ಬಡವಾದದ್ದನ್ನು ಕೀಳದೆ ಕತ್ತರಿಯಿಂದ ಬುಡದಲ್ಲೇ ಕತ್ತರಿಸಿದೆ. ಕಿತ್ತರೆ ಪಕ್ಕದ್ದರ ಬೇರೂ ಅಲುಗುತ್ತದೆ. ಕೆಲವು ಸಸಿಗಳು ಬೀಜದ ಸಿಪ್ಪೆಯನ್ನು ತಲೆ ಮೇಲೆ ಹೊತ್ತುಕೊಂಡೇ ಮೇಲೆ ಬಂದಿದ್ದವು. ಎಲೆ ಬಿಚ್ಚಲಾಗದೆ ಒದ್ದಾಡುತ್ತಿದ್ದವಕ್ಕೆ ಸಿಪ್ಪೆಯ ಮೇಲೆ ಒಂದು ಹನಿ ನೀರು ಬಿಟ್ಟು, ಅದು ಮೆತ್ತಗಾದ ಮೇಲೆ ಉಗುರಿನಿಂದ ಮೆಲ್ಲಗೆ ಸರಿಸಿದೆ.

ಬಳ್ಳಿಯನ್ನು ನೆಲದ ಮೇಲೂ ಹರಿಯಬಿಡಬಹುದು. ಆದರೆ ಮಿಡಿ ಹುಡುಕಲು ದಿನಾ ಬಗ್ಗಿ ಎಲೆ ಎತ್ತುವ ಸೊಂಟ ನನ್ನದಲ್ಲ. ಹಾಗಾಗಿ ಗೂಟ ನೆಟ್ಟು ಆಳೆತ್ತರದ ಬಲೆ ಕಟ್ಟಿದೆ. ಬಲೆಗೆ ಹಬ್ಬಿಸಿದರೆ ಎಲೆಗೆ ಗಾಳಿಯಾಡುತ್ತದೆ, ಕಾಯಿ ನೇರವಾಗಿ ಇಳಿಬೀಳುತ್ತದೆ, ಕಣ್ಣಿಗೂ ಬೀಳುತ್ತದೆ. ಇಲ್ಲಿ ಒಂದು ವಿಷಯ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಬಲೆಯನ್ನು ಹಿಡಿದುಕೊಂಡ ಕುಡಿಯನ್ನು ಹತ್ತಿರದಿಂದ ನೋಡಿ. ಸ್ಪ್ರಿಂಗಿನ ಹಾಗೆ ಸುರುಳಿ ಸುತ್ತಿರುತ್ತದೆ. ಆದರೆ ಅರ್ಧ ಸುರುಳಿ ಬಲಕ್ಕೆ, ಇನ್ನರ್ಧ ಎಡಕ್ಕೆ, ನಡುವೆ ಒಂದು ಸಣ್ಣ ನೇರ ತುಂಡು. ಎರಡು ತುದಿಯೂ ಬಿಗಿಯಾದ ಮೇಲೆ ಹಾಗೆ ತಿರುಗದೆ ಅದಕ್ಕೆ ಬೇರೆ ದಾರಿಯಿಲ್ಲ. 2012ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ತಂಡವೊಂದು ಸೌತೆಯ ಕುಡಿಯನ್ನೇ ಹಿಡಿದು ಅಧ್ಯಯನ ಮಾಡಿತ್ತು. ಬಲಿತ ಕುಡಿಯನ್ನು ಎಳೆದರೆ ಅದು ಬಿಚ್ಚಿಕೊಳ್ಳುವ ಬದಲು ಮೊದಲು ಇನ್ನಷ್ಟು ಸುತ್ತಿಕೊಳ್ಳುತ್ತದೆ ಎಂದು ಅವರು ತೋರಿಸಿದರು. ಜೋರು ಗಾಳಿಗೂ ಬಳ್ಳಿ ಕಳಚಿ ಬೀಳದ ಗುಟ್ಟು ಅದೇ ಇರಬೇಕು. ಇದನ್ನು ಓದಿದ ಮೇಲೆ ನಾನೂ ಒಂದೆರಡು ಕುಡಿ ಎಳೆದು ನೋಡಿದ್ದುಂಟು.

ಇನ್ನು ಹೂವಿನ ವಿಚಾರ. ಹಳೆಯ ತಳಿ ಹಾಕಿದವರಿಗೆ ನಿಜವಾದ ಪರೀಕ್ಷೆ ಇಲ್ಲಿ. ಬಳ್ಳಿ ಮಂಡಿಯೆತ್ತರ ಬರುವಷ್ಟರಲ್ಲಿ ಹಳದಿ ಹೂ ಶುರುವಾಗುತ್ತದೆ. ಒಂದೊಂದು ಗೆಣ್ಣಿಗೂ ಮೂರು, ನಾಲ್ಕು, ಐದು. ಖುಷಿಪಟ್ಟು ನೋಡುತ್ತಿರುವಾಗಲೇ ಎಲ್ಲ ಉದುರಿಹೋಗುತ್ತವೆ. ಯಾಕೆಂದರೆ ಮೊದಲು ಬರುವುದೆಲ್ಲ ಗಂಡು ಹೂ. ಹೆಣ್ಣು ಹೂ ಬರಲು ಇನ್ನೂ ವಾರ, ಹತ್ತು ದಿನ ಬೇಕು. ಬಂದ ಮೇಲೂ ಒಂದು ಹೆಣ್ಣಿಗೆ ಹತ್ತಕ್ಕೂ ಜಾಸ್ತಿ ಗಂಡು. ಸೆಕೆ ಹೆಚ್ಚಾದಷ್ಟೂ ಗಂಡು ಹೂವಿನ ಪಾಲು ಹೆಚ್ಚುತ್ತದೆ. ಈ ಹಂತದಲ್ಲಿ ಗೊಬ್ಬರ ಸಾಲದೇನೋ ಎಂದು ಕೈಗೆ ಸಿಕ್ಕಿದ್ದೆಲ್ಲ ಸುರಿಯುವವರಿದ್ದಾರೆ. ಸಾರಜನಕ ಜಾಸ್ತಿಯಾದರೆ ಎಲೆ ಮಾತ್ರ ಸೊಂಪಾಗಿ ಬೆಳೆಯುತ್ತದೆ. ಏನೂ ಮಾಡದೆ ಕಾಯುವುದೇ ಇಲ್ಲಿನ ಕೆಲಸ.

ಹೆಣ್ಣು ಹೂವನ್ನು ಗುರುತಿಸಲು ಹೂವನ್ನು ನೋಡಬೇಕಾಗಿಲ್ಲ, ಅದರ ಬೆನ್ನ ಹಿಂದೆ ನೋಡಿದರೆ ಸಾಕು. ಅರಳುವ ಮೊದಲೇ ಅಲ್ಲಿ ಒಂದು ಪುಟ್ಟ ಸೌತೆ ಕೂತಿರುತ್ತದೆ. ಅಕ್ಕಿಕಾಳಿನ ಎರಡು ಮೂರರಷ್ಟು ಉದ್ದ ಇರಬಹುದು. ಅಷ್ಟಕ್ಕೇ ಪೂರ್ತಿ ಸೌತೆಯ ಆಕಾರ, ಗುಳ್ಳೆ ಗುಳ್ಳೆ ಮೈ, ಪ್ರತಿ ಗುಳ್ಳೆಯ ಮೇಲೂ ಒಂದು ಮುಳ್ಳು. ಮುಟ್ಟಿದರೆ ಚುಚ್ಚುವುದಿಲ್ಲ, ಬೆರಳಿಗೆ ಅಂಟಿಕೊಂಡು ಬರುತ್ತದೆ. ಗಂಡು ಹೂವಿನ ಹಿಂದೆ ಬರೀ ತೆಳ್ಳನೆಯ ತೊಟ್ಟು.

ಹೆಣ್ಣು ಹೂವಿಗೆ ಸಿಗುವುದು ಒಂದೇ ದಿನ. ಬೆಳಿಗ್ಗೆ ಅರಳಿದ್ದಕ್ಕೆ ಅವತ್ತೇ ಪರಾಗ ಬೀಳಬೇಕು. ಜೇನುನೊಣ ಒಂದು ಸಲ ಬಂದುಹೋದರೆ ಸಾಲದು, ಎಂಟು ಹತ್ತು ಸಲವಾದರೂ ಬರಬೇಕು. ಒಳಗಿರುವ ಅಷ್ಟೂ ಬೀಜಕ್ಕೆ ಪರಾಗ ಮುಟ್ಟದಿದ್ದರೆ ಕಾಯಿ ಒಂದು ಕಡೆ ಉಬ್ಬಿ ಇನ್ನೊಂದು ಕಡೆ ಸೊಟ್ಟಗೆ ಚೂಪಾಗುತ್ತದೆ. ಏನೂ ಮುಟ್ಟದಿದ್ದರೆ ಹೀಚು ಹಳದಿಗೆ ತಿರುಗಿ ಉದುರುತ್ತದೆ. ಮೋಡ ಮುಸುಕಿ ನೊಣ ಬಾರದ ಬೆಳಿಗ್ಗೆಗಳಲ್ಲಿ ಆ ಕೆಲಸ ನಾನೇ ಮಾಡಿದೆ. ಆಗಷ್ಟೇ ಅರಳಿದ ಗಂಡು ಹೂವನ್ನು ಕಿತ್ತು, ಎಸಳುಗಳನ್ನು ಹಿಂದಕ್ಕೆ ಹರಿದು ತೆಗೆದು, ಉಳಿದ ಕೇಸರವನ್ನು ಹೆಣ್ಣು ಹೂವಿನ ನಡುವಿನ ಅಂಟು ಗಂಟಿಗೆ ಸುತ್ತಲೂ ಒತ್ತಿ ಸವರುವುದು. ಹತ್ತು ಗಂಟೆಯೊಳಗೆ ಮುಗಿಸಿದರೆ ಒಳ್ಳೆಯದು. ಬಿಸಿಲು ಏರಿದರೆ ಪರಾಗದ ಕಸುವು ಹೋಗುತ್ತದೆ.

ನೀರಿನ ವಿಷಯದಲ್ಲಿ ಸೌತೆ ಬಹಳ ಹಟಮಾರಿ. ಕಾಯಿಯಲ್ಲಿ ನೂರಕ್ಕೆ 95 ಪಾಲು ನೀರೇ. ಬೇರು ಮಾತ್ರ ಮೇಲಿನ ಒಂದಡಿ ಮಣ್ಣಲ್ಲೇ ಹರಡಿರುತ್ತದೆ. ಒಂದು ದಿನ ಒಣಗಿಸಿ ಮರುದಿನ ಕೊಡ ತುಂಬ ಸುರಿದರೆ ಅದಕ್ಕೆ ಆಗುವುದಿಲ್ಲ. ಬುಡಕ್ಕೆ ಒಣ ಎಲೆ, ಹುಲ್ಲು ದಪ್ಪಗೆ ಮುಚ್ಚಿ ತೇವ ಹಿಡಿದಿಟ್ಟೆ. ನೀರು ಬುಡಕ್ಕೆ ಮಾತ್ರ, ಎಲೆಗೆ ಬೇಡ. ಬಳ್ಳಿ ಬಾಯಾರಿದರೆ ಕಾಯಿ ಕಹಿಯಾಗುತ್ತದೆ. ಕಹಿಗೆ ಕಾರಣ ಕುಕುರ್ಬಿಟಾಸಿನ್ ಅನ್ನುವ ವಸ್ತು. ಎಲೆ, ಕಾಂಡಗಳಲ್ಲಿ ಅದು ಇದ್ದೇ ಇರುತ್ತದೆ. ಕಷ್ಟ ಬಂದಾಗ ಕಾಯಿಗೂ ಸೇರುತ್ತದೆ. ತೊಟ್ಟಿನ ಕಡೆ ಮತ್ತು ಸಿಪ್ಪೆಯ ಕೆಳಗೆ ಜಾಸ್ತಿ. ಹಿಮಾಲಯದ ತಪ್ಪಲಿನಲ್ಲಿ ಇವತ್ತಿಗೂ ಬೆಳೆಯುವ ಕಾಡುಸೌತೆಯ ಕಾಯಿ ಬಾಯಿಗಿಡಲಾಗದಷ್ಟು ಕಹಿ. ನಮ್ಮ ಸೌತೆಯ ಮೂಲ ಅದೇ. ಅದನ್ನು ತಿನ್ನುವ ಹಾಗೆ ಮಾಡಿಕೊಂಡವರ ತಾಳ್ಮೆ ದೊಡ್ಡದು. ಹೊಸ ತಳಿಗಳಲ್ಲಿ ಕಹಿಯನ್ನೇ ತೆಗೆದುಹಾಕಿದವೂ ಇವೆ. ಹಳೆಯವುಗಳಲ್ಲಿ ಅದು ಒಳಗೆಲ್ಲೋ ಅಡಗಿ ಕೂತಿರುತ್ತದೆ. ನೀರು ತಪ್ಪಿದರೆ ಹೊರಗೆ ಬರುತ್ತದೆ.

ಹುಳ, ರೋಗದ ಕಥೆ ಬೇಗ ಹೇಳಿ ಮುಗಿಸುತ್ತೇನೆ. ಎಳೆಯ ಎಲೆಗೆ ಕೆಂಪು ದುಂಬಿ ಬಂದು ಜರಡಿ ಮಾಡಲು ಶುರು ಮಾಡಿತು. ಬೆಳಿಗ್ಗೆ ಎಲೆ ಇನ್ನೂ ತೇವವಾಗಿದ್ದಾಗ ಅವು ಮಂಕಾಗಿರುತ್ತವೆ. ಆಗ ಹಿಡಿದು ಸೋಪಿನ ನೀರಿಗೆ ಹಾಕಿದೆ. ನಂತರ ಹಣ್ಣುನೊಣ. ಕಾಯಿಗೆ ಚುಚ್ಚಿ ಮೊಟ್ಟೆಯಿಟ್ಟರೆ ಒಳಗೆ ಹುಳ. ವಾಸನೆಯಿಂದ ನೊಣವನ್ನು ಸೆಳೆದು ಹಿಡಿಯುವ ಮೋಹಕ ಬಲೆ ತೂಗುಹಾಕಿದೆ. ಚುಚ್ಚಿದ ಕಾಯಿಯನ್ನು ಬಳ್ಳಿಯ ಕೆಳಗೆ ಬಿಡದೆ ಆರಿಸಿ ತೆಗೆದೆ. ಮಿಡಿಯಲ್ಲೇ ಕೀಳುವುದರಿಂದ ನೊಣಕ್ಕೆ ಸಮಯ ಸಿಗುವುದಿಲ್ಲ ಅನ್ನುವುದೂ ಒಂದು ಅನುಕೂಲ. ಫಸಲಿನ ಕೊನೆಗೆ ಎಲೆಗಳ ಮೇಲೆ ಬೂದಿ ರೋಗ ಬಂತು, ಹಿಟ್ಟು ಉದುರಿಸಿದ ಹಾಗೆ. 1999ರಲ್ಲಿ ಬ್ರೆಜಿಲ್‌ನಲ್ಲಿ ಜುಕಿನಿ ಗಿಡಗಳಿಗೆ ನೀರು ಬೆರೆಸಿದ ಹಾಲು ಸಿಂಪಡಿಸಿ ಬೂದಿ ರೋಗ ಹತೋಟಿಗೆ ಬಂದದ್ದು ವರದಿಯಾಗಿತ್ತು. ನಾನೂ ಒಂದು ಪಾಲು ಹಾಲಿಗೆ ಒಂಬತ್ತು ಪಾಲು ನೀರು ಸೇರಿಸಿ ವಾರಕ್ಕೊಮ್ಮೆ ಬಿಸಿಲಲ್ಲಿ ಸಿಂಪಡಿಸಿದೆ. ಹೊಸ ಎಲೆಗಳು ಉಳಿದವು. ಮೊದಲೇ ಬೆಳ್ಳಗಾಗಿದ್ದವು ಮಾತ್ರ ಉಳಿಯಲಿಲ್ಲ. ವಿಷದ ಔಷಧಿ ಯಾವುದನ್ನೂ ಹತ್ತಿರ ಸೇರಿಸಲಿಲ್ಲ. ಜೇನುನೊಣವನ್ನು ಕರೆಯುವವರೂ ನಾವೇ, ಸಾಯಿಸುವವರೂ ನಾವೇ ಆದರೆ ಹೇಗೆ?

ಕಾಯಿ ಕೀಳುವ ಕಾಲ ಶುರುವಾದ ಮೇಲೆ ದಿನಚರಿಯೇ ಬೇರೆ. ಹೂ ಅರಳಿ ನಾಲ್ಕೈದು ದಿನಕ್ಕೆ ಮಿಡಿ ಬೆರಳುದ್ದ ಬಂದಿರುತ್ತದೆ. ಇನ್ನೆರಡು ದಿನ ಬಿಟ್ಟರೆ ಭರಣಿಯ ಬಾಯಿಗೆ ಹಿಡಿಸುವುದಿಲ್ಲ. ಬೆಳಿಗ್ಗೆ ಒಂದು ಸುತ್ತು ನೋಡಿ ಎಲ್ಲ ಕಿತ್ತಾಯಿತು ಅಂದುಕೊಳ್ಳಿ, ಬಲೆಯ ಆ ಕಡೆಯಿಂದ ನೋಡಿದರೆ ಇನ್ನೂ ನಾಲ್ಕು ಕಾಣುತ್ತವೆ. ಹಸಿರಿನೊಳಗೆ ಹಸಿರು ಅಡಗುವುದು ಹಾಗೆ. ಹಾಗಾಗಿ ಎರಡೂ ಕಡೆಯಿಂದ, ಕೆಳಗಿನಿಂದ ಮೇಲಕ್ಕೆ ನೋಡುವ ರೂಢಿ ಮಾಡಿಕೊಂಡೆ. ಎಳೆಯದೆ ಕತ್ತರಿಯಿಂದ ತೊಟ್ಟು ಸ್ವಲ್ಪ ಉಳಿಸಿ ಕತ್ತರಿಸಬೇಕು.

ಪಕ್ಕದ ಮನೆಯವರು ಬೇಲಿಯಾಚೆಯಿಂದ ಇದನ್ನು ನೋಡುತ್ತಿದ್ದರು. ಕೊನೆಗೆ ತಡೆಯಲಾರದೆ ಕೇಳಿಯೇಬಿಟ್ಟರು. “ಅಲ್ಲಾ ಇವರೇ, ಇಷ್ಟು ಎಳೇದನ್ನ ಕೀಳ್ತೀರಲ್ಲ, ಪಾಪ ಅನ್ಸಲ್ವಾ? ಇನ್ನು ನಾಲ್ಕು ದಿನ ಬಿಟ್ಟಿದ್ರೆ ಒಂದೊಂದೂ ಕಾಲು ಕಿಲೋ ತೂಗ್ತಿತ್ತು.”

“ಬಿಟ್ರೆ ಅದೊಂದು ತೂಗುತ್ತೆ ನಿಜ. ಆದ್ರೆ ಮಿಕ್ಕಿದ್ದು ಬರೋದೇ ನಿಂತುಹೋಗುತ್ತೆ ಅಕ್ಕಾ” ಅಂದೆ.

ಅವರು ನಂಬಿದ ಹಾಗೆ ಕಾಣಲಿಲ್ಲ. ಆದರೆ ವಿಷಯ ಇರುವುದೇ ಹಾಗೆ. ಬಳ್ಳಿ ಕಾಯಿ ಬಿಡುವುದು ನಮ್ಮ ಭರಣಿಗಲ್ಲ, ಬೀಜಕ್ಕೆ. ಒಂದು ಕಾಯಿಯಲ್ಲಿ ಬೀಜ ಬಲಿಯಲು ಶುರುವಾದರೆ ಸತ್ವವೆಲ್ಲ ಆ ಕಡೆ ಹರಿಯುತ್ತದೆ. ಹೊಸ ಹೂ ಕಡಿಮೆಯಾಗುತ್ತದೆ, ಬಂದ ಹೀಚೂ ಉದುರುತ್ತದೆ. ಎಲೆಯ ಮರೆಯಲ್ಲಿ ಉಳಿದುಹೋದ ಒಂದೇ ಒಂದು ದಪ್ಪ ಕಾಯಿ ಸಾಕು, ಆ ಬಳ್ಳಿ ಮಂದವಾಗಲು. ದಿನಾ ಕೀಳುತ್ತಿದ್ದರೆ ಬಳ್ಳಿ ದಿನಾ ಹೊಸದಾಗಿ ಪ್ರಯತ್ನಿಸುತ್ತದೆ. ಸ್ವಲ್ಪ ಮೋಸದ ವ್ಯವಹಾರವೇ, ಒಪ್ಪಿಕೊಳ್ಳೋಣ.

ಭರಣಿ ತುಂಬಿದ ದಿನದ ಕೆಲಸ ಹೀಗೆ. ಕಾಯಿಗಳನ್ನು ತಣ್ಣೀರಲ್ಲಿ ಒಂದೆರಡು ಗಂಟೆ ನೆನೆಸಿಟ್ಟೆ, ಬಿಗಿ ಬರಲಿ ಎಂದು. ಬಟ್ಟೆಯಲ್ಲಿ ಉಜ್ಜಿದರೆ ಮುಳ್ಳೆಲ್ಲ ಉದುರುತ್ತದೆ. ಆಮೇಲೆ ಹೂವಿದ್ದ ತುದಿಯನ್ನು ತೆಳ್ಳಗೆ ಕತ್ತರಿಸಿ ತೆಗೆದೆ. ತೊಟ್ಟಿನ ತುದಿಯಲ್ಲ, ಹೂವಿನ ತುದಿ. ಒಣಗಿದ ಹೂ ಅಂಟಿದ್ದ ಆ ಜಾಗದಲ್ಲಿರುವ ಕಿಣ್ವಗಳು ಕಾಯಿಯನ್ನು ಮೆತ್ತಗೆ ಮಾಡುತ್ತವೆ. ಎರಡು ಮಿಲಿಮೀಟರ್ ಕತ್ತರಿಸಿದರೆ ಸಾಕು. ಇದೊಂದನ್ನು ಬಿಡಬೇಡಿ, ಉಳಿದದ್ದರಲ್ಲಿ ಹೆಚ್ಚುಕಡಿಮೆಯಾದರೂ ನಡೆದೀತು.

ಉಪ್ಪು ಲೀಟರಿಗೆ 50 ಗ್ರಾಂ. ಚಮಚದ ಲೆಕ್ಕ ಬೇಡ, ತೂಕದ ಲೆಕ್ಕವೇ ಸರಿ, ಯಾಕೆಂದರೆ ಕಲ್ಲುಪ್ಪಿನ ಚಮಚವೇ ಬೇರೆ, ಪುಡಿಯುಪ್ಪಿನ ಚಮಚವೇ ಬೇರೆ. ಗಂಟುಕಟ್ಟದ ಹಾಗೆ ಪುಡಿ ಬೆರೆಸಿದ ಉಪ್ಪಿನಿಂದ ನೀರು ಕದಡುತ್ತದೆ ಎಂದು ನಾನು ಕಲ್ಲುಪ್ಪನ್ನೇ ಬಳಸಿದೆ. ನಲ್ಲಿ ನೀರಿನ ಕ್ಲೋರಿನ್ ಹುಳಿ ಬರಿಸುವ ಸೂಕ್ಷ್ಮಜೀವಿಗಳಿಗೂ ಆಗದು. ಹಾಗಾಗಿ ಕುದಿಸಿ ಆರಿಸಿದ ನೀರು. ಬೆಳ್ಳುಳ್ಳಿ, ಸಾಸಿವೆ, ಸಬ್ಬಸಿಗೆಯ ಹೂಗೊಂಚಲು, ಮತ್ತೆ ಎರಡು ದ್ರಾಕ್ಷಿ ಎಲೆ. ಎಲೆಯ ಒಗರು ಕಾಯಿಯನ್ನು ಗಟ್ಟಿಯಾಗಿಡುತ್ತದೆ. ಕಾಯಿಗಳನ್ನು ನಿಲ್ಲಿಸಿ ಒತ್ತೊತ್ತಾಗಿ ಜೋಡಿಸಿ, ಉಪ್ಪುನೀರು ತುಂಬಿ, ಮೇಲೇಳದ ಹಾಗೆ ಭಾರ ಇಟ್ಟೆ. ನೀರಿನ ಮೇಲೆ ತಲೆ ಎತ್ತಿದ ಕಾಯಿಗೆ ಬೂಷ್ಟು ಗ್ಯಾರಂಟಿ.

ವಿನಿಗರ್ ಒಂದು ಹನಿಯೂ ಇಲ್ಲ. ಹುಳಿ ತಾನಾಗಿಯೇ ಬರಬೇಕು. ಎರಡನೇ ಮೂರನೇ ದಿನಕ್ಕೆ ಗುಳ್ಳೆ ಏಳತೊಡಗುತ್ತದೆ. ಕಾಯಿಯ ಮೈಮೇಲೇ ಇದ್ದ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳು ಸಕ್ಕರೆ ತಿಂದು ಆಮ್ಲ ಮಾಡುತ್ತವೆ. ನೀರು ಗಂಜಿಯಂತೆ ಕದಡುತ್ತದೆ. ಅದು ಕೆಟ್ಟಿದ್ದಲ್ಲ, ಕೆಲಸ ನಡೆದಿದೆ ಎಂದರ್ಥ. ಬಣ್ಣವೂ ಬದಲಾಗುತ್ತದೆ. ಎಲೆಹಸಿರು ಹೋಗಿ ಪಾಚಿಯ ಹಸಿರು, ಆಮೇಲೆ ಹಳದಿ ಮಿಶ್ರಿತ ಹಸಿರು. ಆಮ್ಲವು ಹರಿತ್ತಿನೊಳಗಿನ ಮೆಗ್ನೀಷಿಯಮ್ಮನ್ನು ಹೊರಹಾಕುವುದರಿಂದ ಹೀಗಾಗುತ್ತದೆ. ಮೇಲೆ ತೆಳ್ಳನೆಯ ಬಿಳಿ ಕೆನೆ ಕಟ್ಟಿದರೆ ಚಮಚದಲ್ಲಿ ತೆಗೆದರಾಯಿತು. ಉಣ್ಣೆಯಂತೆ ಎದ್ದ ಬಣ್ಣದ ಬೂಷ್ಟೋ, ಲೋಳೆಯೋ, ಕೊಳೆತ ವಾಸನೆಯೋ ಬಂದರೆ ಮಾತ್ರ ಯೋಚನೆ ಮಾಡದೆ ಚೆಲ್ಲಬೇಕು. ದೊಡ್ಡ ಕಾಯಿ ಹಾಕಿದರೆ ಇನ್ನೊಂದು ತೊಂದರೆ. ಒಳಗೆ ಅನಿಲ ತುಂಬಿ ಟೊಳ್ಳಾಗುತ್ತದೆ. ಎಳೆಯದನ್ನು ಕೀಳಲು ಇದೂ ಒಂದು ಕಾರಣ.

ಪೂರ್ತಿ ಹುಳಿಯಾಗಲು 20ರಿಂದ 22 ಡಿಗ್ರಿ ಇರುವ ಜಾಗದಲ್ಲಿ ಮೂರು ನಾಲ್ಕು ವಾರ ಬೇಕು. ನಾನು ಒಂದು ವಾರಕ್ಕೇ ಒಂದು ತೆಗೆದು ಉದ್ದಕ್ಕೆ ಸೀಳಿದೆ. ಅಂಚಿನಲ್ಲಿ ಗಾಜಿನಂತೆ ಪಾರದರ್ಶಕ, ನಡುವೆ ಇನ್ನೂ ಬಿಳಿ. ಹೊರಗಡೆ ಹುಳಿ, ಒಳಗೆ ಹಸಿ ಸೌತೆಯ ರುಚಿ. ಕಚ್ಚಿದರೆ ಪಕ್ಕದ ಕೋಣೆಗೆ ಕೇಳಿಸಬೇಕು. ನನ್ನ ಪ್ರಕಾರ ಸೌತೆ ಅತಿ ರುಚಿ ಇರುವುದು ಈ ಅರೆ ಹುಳಿಯಲ್ಲೇ. ಪೂರ್ತಿ ಹುಳಿಯಾದದ್ದು ತಿಂಗಳುಗಟ್ಟಲೆ ಬಾಳುತ್ತದೆ, ಅದು ಬೇರೆ ಮಾತು. ಅರ್ಧ ಭರಣಿಯನ್ನು ಆಗಲೇ ಫ್ರಿಜ್ಜಿಗೆ ಸೇರಿಸಿದೆ. ತಣ್ಣಗಿಟ್ಟರೆ ಹುಳಿ ಏರುವುದು ನಿಧಾನವಾಗುತ್ತದೆ.

ಬೀಜದ ಕೆಲಸಕ್ಕೂ ಭರಣಿಯ ಕೆಲಸಕ್ಕೂ ಆಗಿಬರುವುದಿಲ್ಲ ಎಂದು ಮೇಲಿನದನ್ನು ಓದಿದವರಿಗೆ ಹೊಳೆದಿರಬೇಕು. ಬೀಜಕ್ಕೆ ಬಿಟ್ಟರೆ ಮಿಡಿ ನಿಲ್ಲುತ್ತದೆ. ಹಾಗಾಗಿ ಚೆನ್ನಾಗಿ ಕಾಯಿಬಿಟ್ಟು, ರೋಗಕ್ಕೆ ಜಗ್ಗದೆ ನಿಂತ ಬಳ್ಳಿಗಳನ್ನು ಮೊದಲೇ ಗುರುತು ಮಾಡಿಟ್ಟು, ಭರಣಿಗಳ ಕೆಲಸ ಮುಗಿದ ಮೇಲೆ ಅವುಗಳಲ್ಲಿ ಒಂದೆರಡು ಕಾಯಿ ಬಿಟ್ಟೆ. ಸೌತೆ ಕುಂಬಳದ ಜೊತೆ ಬೆರೆಯುವುದಿಲ್ಲ, ಕರಬೂಜದ ಜೊತೆಯೂ ಬೆರೆಯುವುದಿಲ್ಲ. ಆದರೆ ಇನ್ನೊಂದು ತಳಿಯ ಸೌತೆಯ ಜೊತೆ ಸಲೀಸಾಗಿ ಬೆರೆಯುತ್ತದೆ. ಜೇನುನೊಣ ಅರ್ಧ ಕಿಲೋಮೀಟರ್ ಆಚೆಯಿಂದಲೂ ಪರಾಗ ತರಬಲ್ಲದು. ಅದಕ್ಕೇ ಮರುದಿನ ಅರಳುವ ಮೊಗ್ಗುಗಳನ್ನು, ಅಂದರೆ ತುದಿ ಹಳದಿಯಾದ ಗಂಡು ಹೆಣ್ಣು ಎರಡನ್ನೂ, ಸಂಜೆಯೇ ಕಾಗದದ ಟೇಪಿನಿಂದ ಬಾಯಿ ಮುಚ್ಚಿದೆ. ಬೆಳಿಗ್ಗೆ ಬಿಚ್ಚಿ, ಪರಾಗ ಸವರಿ, ಹೆಣ್ಣು ಹೂವನ್ನು ಮತ್ತೆ ಮುಚ್ಚಿ, ತೊಟ್ಟಿಗೆ ಕೆಂಪು ದಾರ ಕಟ್ಟಿದೆ.

ತಿನ್ನುವ ಹದ ದಾಟಿ ಐದಾರು ವಾರ ಬಿಟ್ಟ ಆ ಕಾಯಿಗಳನ್ನು ನೋಡಿದರೆ ಇದೇ ಸೌತೆಯಾ ಅನ್ನಿಸುತ್ತದೆ. ಕಪ್ಪು ಮುಳ್ಳಿನ ತಳಿ ಹಣ್ಣಾದಾಗ ಕಿತ್ತಳೆ ಕಂದು ಬಣ್ಣಕ್ಕೆ ತಿರುಗುತ್ತದೆ. ಬಿಳಿ ಮುಳ್ಳಿನದಾದರೆ ತಿಳಿ ಹಳದಿಯಲ್ಲೇ ನಿಲ್ಲುತ್ತದೆ. ಹಣ್ಣನ್ನು ಸೀಳಿ ಬೀಜವನ್ನು ಲೋಳೆಯ ಸಮೇತ ಗಾಜಿನ ಲೋಟಕ್ಕೆ ಹಾಕಿ ಎರಡು ಮೂರು ದಿನ ಹುಳಿಯಲು ಬಿಟ್ಟೆ. ವಾಸನೆ ಬರುತ್ತದೆ, ಮನೆಯ ಹೊರಗಿಡಿ. ಬೀಜದ ಮೇಲಿನ ಲೋಳೆ ಪದರ ಕರಗಿದ ಮೇಲೆ ನೀರು ಹಾಕಿದರೆ ಗಟ್ಟಿ ಬೀಜ ತಳಕ್ಕಿಳಿಯುತ್ತದೆ, ಜೊಳ್ಳು ತೇಲುತ್ತದೆ. ತೊಳೆದು ನೆರಳಲ್ಲಿ ತಟ್ಟೆಯ ಮೇಲೆ ಹರಡಿ ಒಣಗಿಸಿದೆ. ಬಗ್ಗಿಸಿದರೆ ಬಾಗದೆ ಟಕ್ಕೆಂದು ಮುರಿಯಬೇಕು, ಆಗ ಒಣಗಿದೆ ಎಂದು ಲೆಕ್ಕ. ತಂಪಾಗಿ, ಒಣಗಿದ ಕಡೆ ಇಟ್ಟರೆ ಐದು ವರ್ಷ ಮೊಳೆಯುವ ಶಕ್ತಿ ಉಳಿಯುತ್ತದೆ.

ಬೀಜ ಒಣಗುತ್ತಿರುವುದನ್ನು ನೋಡಿದ ಪಕ್ಕದ ಮನೆಯ ಅಕ್ಕ, ಮುಂದಿನ ಸಲ ತಾನೂ ಬೇಲಿ ಪಕ್ಕದಲ್ಲೇ ಸೌತೆ ಹಾಕುತ್ತೇನೆ ಎಂದಿದ್ದಾರೆ. ಈ ಬೀಜ ಕೊಡ್ತೀನಿ ಅಂದರೆ, “ಬೇಡಪ್ಪ, ನಂಗೆ ಉದ್ದದ್ದೇ ಬೇಕು” ಅಂದರು. ಅದರ ಪರಾಗ ಬಿದ್ದರೂ ನನ್ನ ಆ ವರ್ಷದ ಮಿಡಿಗೆ ಏನೂ ಆಗುವುದಿಲ್ಲ, ಕೆಡುವುದು ಬೀಜ ಮಾತ್ರ. ಕಾಗದದ ಟೇಪು ಇನ್ನೆರಡು ಸುರುಳಿ ತಂದಿಡಬೇಕು.